ಅಪ್ಪ ಏನ್ ಮಾಡ್ತಾನ ಅಂತ ಕೇಳೋ ಮುಂಚೆ, ಹುಡುಗ ಏನ್ ಮಾಡ್ಯಾನ ನೋಡ್ರಿ



ಪೋಸ್ಟ್ ಉದ್ದ ಐತಿ. ಪುರಸೊತ್ತಿದ್ದಾಗ ಓದ್ರಿ. ಓದದೇ ಲೈಕ್ ಒತ್ತಬ್ಯಾಡ್ರಿ, ಓದಿ ಬೈದ್ರೂ ನಡೀತದ.

ಹೋದ ತಿಂಗಳು ಒಂದಿನ ರಾತ್ರಿ ಹತ್ತೂವರೆಗೆ ನಮ್ಮ ಅಕ್ಕನ ಮಗ ಬೆಂಗಳೂರಿಂದ ಫೋನ್ ಮಾಡಿದ. ಅಲ್ಲಿ ಅನಿಮೇಷನ್ ಮತ್ತು ಗೇಮ್ ಕೋರ್ಸಿಗೆ ಸೇರಿ ಆಗಿನ್ನೂ ಎರಡು ವಾರ. ಊಟ ಆಯ್ತಾ, ರೂಮು ಹೆಂಗೈತಿ ಅಂತ ಕೇಳಿದ್ರ ಹ್ಞೂಂ ಹ್ಞೂಂ ಅಂತಿದ್ದ. ಕಡೀಗೆ ಬಾಯಿ ಬಿಟ್ಟ.

"ಮಾವ, ಇವತ್ತ ಕ್ಲಾಸಿನಾಗ ಅಪ್ಪನ ಬಗ್ಗೆ ಸುಳ್ಳು ಹೇಳೀನಿ."

"ಏನಂತ?"

"ಬಿಸಿನೆಸ್‌ಮನ್ ಅಂತ."

ನಮ್ಮ ಭಾವ ಮುದಗಲ್ಲಿನಾಗ ಚಪ್ಪಲಿ ಹೊಲೀತಾನ. ಬ್ಯಾಗು, ಕೊಡೆ ರಿಪೇರಿ ಮಾಡ್ತಾನ. ಮೊಹರಂ ಬಂತಂದ್ರ ಹಲಗಿ ಬಡೀತಾನ. ನಾನು ನಕ್ಕೆ. "ಅದ್ರಾಗ ಸುಳ್ಳೇನೋ, ದುಡ್ಡು ತಗೊಂಡು ಕೆಲಸ ಮಾಡೋದೆಲ್ಲಾ ಬಿಸಿನೆಸ್ಸೇ" ಅಂದೆ. ಅವನು ನಗಲಿಲ್ಲ. ಫೋನ್ ಇಟ್ಟ ಮ್ಯಾಲ ನನಗೂ ನಿದ್ದಿ ಬರಲಿಲ್ಲ.

ನಡೆದದ್ದು ಇಷ್ಟು. ಅವರಿಗೆ ಬೆಳಿಗ್ಗೆ ಅನಿಮೇಷನ್ನಿನ ಮೂಲ ತತ್ವಗಳ ಪಾಠ, ಮಧ್ಯಾಹ್ನ 'ಪ್ರೊಫೆಷನಲ್ ಇಂಟ್ರೊಡಕ್ಷನ್' ಪಾಠ. ಅಂದ್ರ ಸ್ಟುಡಿಯೋದಾಗ, ಇಂಟರ್‌ವ್ಯೂದಾಗ ತನ್ನನ್ನ ತಾನು ಪರಿಚಯ ಮಾಡಿಕೊಳ್ಳೋದು ಹೆಂಗ ಅಂತ. ತರಬೇತಿ ಕೊಡೋರು ಬೋರ್ಡಿನ ಮ್ಯಾಲ ಕ್ರಮವಾಗಿ ಬರೆದರಂತೆ: ಹೆಸರು, ಸರ್‌ನೇಮ್, ನೇಟಿವ್ ಪ್ಲೇಸ್, ತಂದೆ ಏನು ಮಾಡ್ತಾರೆ, ತಾಯಿ ಏನು ಮಾಡ್ತಾರೆ, ಓದು, ಹವ್ಯಾಸ, ಬಲ, ದೌರ್ಬಲ್ಯ. ಒಬ್ಬೊಬ್ಬರೇ ಎದ್ದು ಒಂದು ನಿಮಿಷದಾಗ ಹೇಳಬೇಕು.

ಇವನ ಪಾಳಿ ಬಂತು. ಹೆಸರು ಹೇಳಿದ. ಸರ್‌ನೇಮ್? ಇನಿಷಿಯಲ್ ಹೇಳಿದ. ಇನಿಷಿಯಲ್ ಬಿಡಿಸಿ ಹೇಳು ಅಂದ್ರು, ಬಿಡಿಸಿ ಹೇಳಿದ. ನೇಟಿವ್? ಮುದಗಲ್. ಎಲ್ಲಿ ಬರುತ್ತೆ ಅದು? ಲಿಂಗಸುಗೂರು ತಾಲೂಕು, ರಾಯಚೂರು ಜಿಲ್ಲೆ. "ಓ, ಆ ಕಡೆನಾ." ಫಾದರ್? ಮೂರು ಸೆಕೆಂಡ್ ಸುಮ್ಮನೆ ನಿಂತ. ಆಮೇಲೆ ಬಿಸಿನೆಸ್ ಅಂದ. ಏನು ಬಿಸಿನೆಸ್? "ಲೆದರ್, ಸರ್." ಹಿಂದಿನ ಬೆಂಚಿನಾಗ ಯಾರೋ ಕಿಸಕ್ಕಂದ್ರು. "ನಿನಗೆ ಕಾನ್ಫಿಡೆನ್ಸ್ ಇಲ್ಲ, ತಡವರಿಸ್ತೀಯ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು ಕಲಿ" ಅಂತ ಹೇಳಿ ಐದಕ್ಕ ಎರಡು ಮಾರ್ಕ್ಸ್ ಕೊಟ್ಟರು.

ಸಂಸ್ಥೆ ಹೆಸರು ಬರೆಯಲ್ಲ. ಬರೆದ್ರ ಅದೊಂದೇ ಸಂಸ್ಥೆ ಕೆಟ್ಟದ್ದು ಅಂತಾಗಿ ಉಳಿದವರು ಪಾರಾಗ್ತಾರ. ಈ ಬೋರ್ಡು ಎಲ್ಲಾ ಕಡೆ ಐತಿ. ನಮ್ಮ ಹಾಸ್ಟೆಲ್ಲುಗಳಿಗೆ 'ವ್ಯಕ್ತಿತ್ವ ವಿಕಸನ' ಮಾಡಾಕ ಬರ್ತಾರಲ್ಲ, ಅವರ ಕೈಯಾಗೂ ಇದೇ ಪಟ್ಟಿ ಇರ್ತದ. ನಾನೇ ಎರಡು ಸಲ ಅಂಥ ಕಾರ್ಯಕ್ರಮದಾಗ ಕುಂತು ಕೊನೆಗೆ ಚಪ್ಪಾಳೆ ಹೊಡೆದು ಬಂದೀನಿ. ಆ ತಪ್ಪು ನನ್ನದೂ ಹೌದು.

ಈಗ ಆ ಮೂರು ಸೆಕೆಂಡಿನ ಬಗ್ಗೆ ಮಾತಾಡೋಣ. ತರಬೇತಿಯವರು ಅದನ್ನ 'ಆತ್ಮವಿಶ್ವಾಸದ ಕೊರತೆ' ಅಂತ ಬರೆದುಕೊಂಡರು. ಆ ಮೂರು ಸೆಕೆಂಡಿನಾಗ ಹುಡುಗ ಏನೇನು ಲೆಕ್ಕ ಹಾಕಿದ ಗೊತ್ತೇನ್ರಿ? ನಿಜ ಹೇಳಿದ್ರ ನಾಳೆ ಊಟಕ್ಕ ಯಾರು ಜೊತಿ ಕುಂದ್ರತಾರ? ರೂಮಿನ ಓನರ್‌ಗೆ ಗೊತ್ತಾದ್ರ? ಗ್ರೂಪ್ ಪ್ರಾಜೆಕ್ಟಿಗೆ ಯಾರು ಸೇರಿಸಿಕೊಳ್ತಾರ? ಸುಳ್ಳು ಹೇಳಿದ್ರ ಅಪ್ಪನ ಮುಖ ಹೆಂಗ ನೋಡ್ಲಿ? ಪಕ್ಕದ ಹುಡುಗ "ನಮ್ಮ ತಂದೆ ಬ್ಯಾಂಕ್ ಮ್ಯಾನೇಜರ್" ಅಂತ ಅರ್ಧ ಸೆಕೆಂಡಿನಾಗ ಹೇಳಿದ, ಅವನಿಗೆ ನಾಲ್ಕೂವರೆ ಮಾರ್ಕ್ಸು. ಅವನು ಲೆಕ್ಕ ಹಾಕಬೇಕಾಗಿರಲಿಲ್ಲ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳೀವಿ ಅಂತ ನೀವು ಅಂತೀರಿ. ಪ್ರಶ್ನೆ ಒಂದೇ ಇರಬಹುದು, ಉತ್ತರ ಹೇಳಿದ ಮ್ಯಾಲ ಕಟ್ಟಬೇಕಾದ ದಂಡ ಒಂದೇ ಅಲ್ಲ.

ನನಗಿದು ಹೊಸದಲ್ಲ. ನಾನು ಬಿ.ಎ. ಸೇರಿದ ವರ್ಷ ಮೊದಲ ದಿನ ಹಾಜರಿ ಕರೆದ ಮ್ಯಾಲ "ಸ್ಕಾಲರ್‌ಶಿಪ್ ಹುಡುಗರು ಎದ್ದು ನಿಲ್ರಿ" ಅಂದ್ರು. ಹನ್ನೊಂದು ಮಂದಿ ನಿಂತ್ವಿ. ಕುಂತವರು ತಿರುಗಿ ನೋಡಿದ್ರು. ನಮ್ಮ ಪರಿಚಯ ಅಲ್ಲಿಗೆ ಮುಗೀತು. ಮೂರು ವರ್ಷ ನಾನು ಏನು ಓದಿದೆ, ಏನು ಬರೆದೆ ಅನ್ನೋದು ಆ ಎದ್ದು ನಿಂತದ್ದನ್ನ ಅಳಿಸಲಿಲ್ಲ. ಇವತ್ತ ಕಚೇರಿಯಾಗ ಕ್ಲರ್ಕ್ ಕುರ್ಚಿ ಮ್ಯಾಲ ಕುಂತೀನಿ. ಈಗಲೂ ಹೊಸಬರು ಬಂದ್ರ "ತಮ್ಮದು ಯಾವ ಕಡೆ? ಯಾವ ಓಣಿ?" ಅಂತಾರ. ಓಣಿ ಯಾಕ ಬೇಕ್ರಿ? ಫೈಲು ಓಣಿ ನೋಡಿ ಮುಂದಕ್ಕ ಹೋಗ್ತದೇನು?

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದದವರು ಓದ್ರಿ. 1901ರ ಘಟನೆ. ತಂದೆ ಕೋರೆಗಾಂವ್‌ನಲ್ಲಿ ಕ್ಯಾಷಿಯರ್. ಅವರನ್ನ ನೋಡಾಕ ಒಳ್ಳೆ ಬಟ್ಟೆ ಹಾಕ್ಕೊಂಡು ಮಕ್ಕಳು ಮಸೂರ್ ಸ್ಟೇಷನ್ನಿನಾಗ ಇಳೀತಾರ. ಸ್ಟೇಷನ್ ಮಾಸ್ತರ ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳು ಅಂದುಕೊಂಡು ವಿಚಾರಿಸಾಕ ಬರ್ತಾನ. ಯಾರು ನೀವು ಅಂದಾಗ ಬಾಲಕ ಭೀಮರಾವ್ ಹಿಂದೆಮುಂದೆ ನೋಡದೆ ಮಹಾರರು ಅಂದುಬಿಡ್ತಾರ. ಮಾಸ್ತರನ ಮುಖ ಬದಲಾಗ್ತದ. ಗಾಡಿಯವರು ಹತ್ತಿಸಿಕೊಳ್ಳಲ್ಲ. ಕಡೀಗೆ ಎರಡು ಪಟ್ಟು ಬಾಡಿಗೆಗೆ ಒಪ್ಪಿಸಿ, ಗಾಡಿ ತಾವೇ ಹೊಡಕೊಂಡು ಹೋಗ್ತಾರ. ಮುಂದ ಟೋಲ್ ಕಟ್ಟೆಯಾಗ ನೀರು ಕೇಳುವಾಗ, ಗಾಡಿಯವ ಹೇಳಿಕೊಟ್ಟಂಗ, ಮುಸಲ್ಮಾನರು ಅಂತ ಹೇಳ್ತಾರ. ಆದರೂ ನೀರು ಸಿಗಲ್ಲ. ಆಮೇಲೆ ಕೊಲಂಬಿಯಾ, ಲಂಡನ್‌ನಲ್ಲಿ ಓದಿ ಬಂದ ಅದೇ ಮನುಷ್ಯ ಬರೋಡಾದಾಗ ಒಂದು ರೂಮಿಗಾಗಿ ಪಾರ್ಸಿ ಹೆಸರು ಹೇಳಬೇಕಾಯ್ತು. ಹನ್ನೊಂದನೇ ದಿನ ಬಡಿಗಿ ಹಿಡಕೊಂಡು ಬಂದ್ರು.

ನನ್ನ ಅಳಿಯ 'ಲೆದರ್ ಬಿಸಿನೆಸ್' ಅಂದದ್ದು ಅದೇ ಟೋಲ್ ಕಟ್ಟೆಯಾಗ ನಿಂತು. ಬಾಬಾಸಾಹೇಬರಿಗೆ ಯಾರಾದ್ರೂ ಕಾನ್ಫಿಡೆನ್ಸ್ ಇಲ್ಲ ಅಂತಾರೇನ್ರಿ?

"ಅದು ಬ್ರಿಟಿಷರ ಕಾಲ, ಈಗ ಕಂಪನಿಗಳು ಟ್ಯಾಲೆಂಟ್ ಮಾತ್ರ ನೋಡ್ತಾವ" ಅನ್ನೋರಿಗೆ ಒಂದು ಲೆಕ್ಕ ಕೊಡ್ತೀನಿ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದರು. ಓದು, ಅನುಭವ ಹೆಚ್ಚುಕಮ್ಮಿ ಒಂದೇ, ಬದಲಾದದ್ದು ಹೆಸರು. ಮೇಲ್ಜಾತಿ ಹೆಸರಿಗೆ ಕರೆ ಬರುವ ಸಂಭವ 1 ಅಂತಿಟ್ಟುಕೊಂಡ್ರೆ, ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿ ಸುತ್ತಲಿನ ಕಂಪನಿಗಳ ಎಚ್‌ಆರ್‌ಗಳನ್ನ ಮಾತಾಡಿಸಿದರು. ಜಾತಿ ನೋಡಲ್ಲ, ಮೆರಿಟ್ ಅಷ್ಟೇ ಅಂತಾರ. ಆದರೆ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೇಳ್ತೀವಿ ಅಂತಾನೂ ಅವರೇ ಹೇಳ್ತಾರ. ತಂದೆ ಏನು ಓದ್ಯಾನ, ಮನೆಯಾಗ ಎಷ್ಟು ಮಂದಿ, ಊರೋ ಹಳ್ಳಿಯೋ. ಇದನ್ನ ಕೇಳಿ ಮನುಷ್ಯನ ಗುಣ ಗೊತ್ತಾಗ್ತದ ಅಂತ ಅವರ ನಂಬಿಕೆ.

ಅದೇ ಪ್ರಶ್ನೆಯನ್ನ ಈಗ ಬೋರ್ಡಿನ ಮ್ಯಾಲ ಬರೆದು, ಇದು ನಿನ್ನ ಕೌಶಲ್ಯ, ಇದನ್ನ ನೀನೇ ಬಾಯಿಪಾಠ ಮಾಡಿ ಕೇಳೋ ಮುಂಚೆ ಹೇಳು ಅಂತ ನಮ್ಮ ಮಕ್ಕಳಿಗೆ ಕಲಿಸ್ತಿದ್ದಾರ. ಮೊದಲು ಅವರು ನಮ್ಮನ್ನ ಹುಡುಕಬೇಕಿತ್ತು, ಈಗ ನಾವೇ ಹೇಳಿಕೊಳ್ಳಬೇಕು. ಹೇಳುವಾಗ ನಗಬೇಕು ಬ್ಯಾರೆ.

ಇನ್ನ ಬೆಳಗಿನ ಕ್ಲಾಸಿಗೆ ಬರ್ತೀನಿ. ಅದೇ ಹುಡುಗ, ಅದೇ ವಾರ.

ಅನಿಮೇಷನ್ನಿಗೆ ಹನ್ನೆರಡು ತತ್ವ ಅದಾವಂತ. ಡಿಸ್ನಿ ಸ್ಟುಡಿಯೋದ ಫ್ರ್ಯಾಂಕ್ ಥಾಮಸ್, ಆಲಿ ಜಾನ್‌ಸ್ಟನ್ ಅನ್ನೋ ಇಬ್ಬರು 1981ರಲ್ಲಿ 'ದಿ ಇಲ್ಯೂಷನ್ ಆಫ್ ಲೈಫ್' ಪುಸ್ತಕದಾಗ ಬರೆದಿಟ್ಟದ್ದು. ಮೊದಲ ಪಾಠ ಪುಟಿಯೋ ಚೆಂಡು. ಕಾಗದದ ಮ್ಯಾಲ ಬರೇ ಒಂದು ದುಂಡು. ಅದು ರಬ್ಬರ್ ಚೆಂಡೋ ಕಬ್ಬಿಣದ ಗುಂಡೋ ಅನ್ನೋದು ಚಿತ್ರದಾಗ ಇರಲ್ಲ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಅಂತರ, ಎಷ್ಟು ಹೊತ್ತು ಅನ್ನೋದ್ರಾಗ ಇರ್ತದ. ಅದಕ್ಕ ಟೈಮಿಂಗ್ ಅಂತಾರ. ಏಟು ಹಾಕೋ ಮುಂಚೆ ಕೈ ಹಿಂದಕ್ಕ ಹೋಗಬೇಕು, ಜಿಗಿಯೋ ಮುಂಚೆ ಮೊಣಕಾಲು ಬಾಗಬೇಕು, ಅದು ಆಂಟಿಸಿಪೇಷನ್. ಏಟು ಮುಗಿದ ಮ್ಯಾಲೂ ಬಟ್ಟೆ, ಕೂದಲು ಅಲ್ಲಾಡ್ತಾ ಇರಬೇಕು, ಅದು ಫಾಲೋ ಥ್ರೂ. ಕೈ ನೇರ ಗೆರೆಯಾಗ ಹೋಗಬಾರದು, ಕಮಾನಿನಂಗ ಹೋಗಬೇಕು, ಅದು ಆರ್ಕ್.

ಗೇಮಿಗೆ ಬಂದ್ರ ಇನ್ನೊಂದು ತೊಡಕು. ಸಿನಿಮಾದಾಗ ಸೆಕೆಂಡಿಗೆ 24 ಫ್ರೇಮು, ನೋಡೋನು ಸುಮ್ಮನೆ ಕುಂತಿರ್ತಾನ. ಗೇಮಿನಾಗ 30 ಇಲ್ಲಾ 60 ಫ್ರೇಮು, ಬಟನ್ ಆಡೋನ ಕೈಯಾಗ. ಬಟನ್ ಒತ್ತಿದ ಕೂಡಲೇ ಕತ್ತಿ ಬೀಸಬೇಕು. ನಾಯಕ ನಿಧಾನಕ್ಕ ಕೈ ಎತ್ತತಾ ಕುಂತ್ರ ಆಡೋನಿಗೆ ಸಿಟ್ಟು ಬರ್ತದ. ಅದಕ್ಕ ನಾಯಕನ ಆಂಟಿಸಿಪೇಷನ್ ಗಿಡ್ಡ ಮಾಡಿ, ಭಾರ ಎಲ್ಲಾ ಏಟಿನ ನಂತರದ ಚಲನೆಯಾಗ ತೋರಿಸ್ತಾರ. ವೈರಿಯ ಆಂಟಿಸಿಪೇಷನ್ ಮಾತ್ರ ಉದ್ದ ಇಡ್ತಾರ, ಏಟು ಬರ್ತದ ಅಂತ ಆಡೋನಿಗೆ ತಿಳಿದು ತಪ್ಪಿಸಿಕೊಳ್ಳಾಕ. ಇದನ್ನೆಲ್ಲಾ ಅಳಿಯ ಫೋನಿನಾಗ ಹೇಳುವಾಗ ತಡವರಿಸಲಿಲ್ಲ. ನಾನೇ ನಡುವೆ "ತಡಿಯೋ, ನಿಧಾನ ಹೇಳು" ಅಂದೆ.

ಮೊದಲ ಅಸೈನ್‌ಮೆಂಟಿಗೆ ಅವನು ಏನು ಮಾಡ್ಯಾನ ಗೊತ್ತೇನ್ರಿ? ಅವರಪ್ಪ ಹಲಗಿ ಬಡಿಯೋದು. ಮೊಹರಂನಾಗ ತಾನೇ ಮೊಬೈಲಿನಾಗ ತೆಗೆದ ವಿಡಿಯೋ ಇತ್ತು, ಅದನ್ನ ಫ್ರೇಮ್ ಫ್ರೇಮ್ ನೋಡಿ ಬರೆದ. ಬಡಿಗಿ ಏಳೋ ಮುಂಚೆ ಎಡ ಭುಜ ಇಳೀತದ, ಮೊಣಕಾಲು ಬಾಗ್ತದ. ಕೈ ಕಮಾನಿನಂಗ ಬರ್ತದ. ಬಿದ್ದ ಮ್ಯಾಲ ರುಮಾಲಿನ ತುದಿ ಹಾರ್ತದ. ಇಪ್ಪತ್ತೈದು ವರ್ಷ ನೋಡೀನಿ, ಭಾವನ ಭುಜ ಮೊದಲು ಇಳೀತದ ಅನ್ನೋದು ನನಗೆ ಗೊತ್ತಿರಲಿಲ್ಲ. ಅನಿಮೇಷನ್ ಮೇಷ್ಟ್ರು "ವೇಟ್ ಚೆನ್ನಾಗಿ ಬಂದಿದೆ" ಅಂತ ಹೇಳಿ ಇಡೀ ಕ್ಲಾಸಿಗೆ ಹಾಕಿ ತೋರಿಸಿದರಂತೆ. ಈ ಮನುಷ್ಯ ಯಾರು ಅಂತ ಯಾರೂ ಕೇಳಲಿಲ್ಲ. ಇವನೂ ಹೇಳಲಿಲ್ಲ.

ಬೆಳಿಗ್ಗೆ ಇಡೀ ಕ್ಲಾಸು ನೋಡಿ ಕಲಿತದ್ದು ಅವರಪ್ಪನ ಮೈಯ ವಿದ್ಯೆಯನ್ನ. ಮಧ್ಯಾಹ್ನ ಅದೇ ಅಪ್ಪನನ್ನ ಇವನು ಬಚ್ಚಿಡಬೇಕಾಯ್ತು. ನನ್ನ ಸಿಟ್ಟು ಇದರ ಮ್ಯಾಲ.

ಇಲ್ಲಿ ನಮ್ಮವರಿಗೂ ನಾಲ್ಕು ಮಾತು ಹೇಳಬೇಕು. ಹಲಗಿ ಬಿಡ್ರಿ ಅಂತ ಓಣಿ ಓಣಿ ತಿರುಗಿದವರಾಗ ನಾನೂ ಒಬ್ಬ. ಈಗಲೂ ಅದೇ ಹೇಳ್ತೀನಿ. ಸತ್ತವರ ಮುಂದ, ಗೌಡರ ಮನಿ ಮುಂದ ಬಾ ಅಂದಾಗ ಹೋಗಿ ಬಡಿಯೋ ಬಿಟ್ಟಿ ಚಾಕರಿ ಬ್ಯಾಡವೇ ಬ್ಯಾಡ. ಆದ್ರ ಆ ಚಾಕರಿ ಬ್ಯಾರೆ, ಆ ಕೈಗೆ ಗೊತ್ತಿರೋ ಲೆಕ್ಕ ಬ್ಯಾರೆ. ಕೊಪ್ಪಳ ಜಿಲ್ಲೆ ಮೋರನಾಳದ ತೊಗಲುಗೊಂಬೆಯ ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಶಿಳ್ಳೇಕ್ಯಾತರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋ ಅಲೆಮಾರಿಗಳು. ತೊಗಲು ಹದ ಮಾಡಿ, ಬಣ್ಣ ಹಾಕಿ, ಕೀಲು ಕಟ್ಟಿ, ದೀಪದ ಮುಂದ ಪರದೆ ಮ್ಯಾಲ ಆಡಿಸ್ತಾರ. ಸಿನಿಮಾ ಹುಟ್ಟೋ ಎಷ್ಟೋ ಮುಂಚಿಂದ ನಮ್ಮ ಸೀಮೆಯಾಗ ಚಿತ್ರ ಕುಣಿಸಿದವರು ಅವರು. ತೊಗಲು ಮುಟ್ಟಿದ್ದಕ್ಕ ಊರ ಹೊರಗ ಇಟ್ರಿ, ಈಗ ಅದೇ ಕೆಲಸಕ್ಕ ಕೀಲು ಜೋಡಿಸೋದು, ರಿಗ್ಗಿಂಗ್ ಅಂತ ಇಂಗ್ಲಿಷ್ ಹೆಸರಿಟ್ಟು ಲಕ್ಷಗಟ್ಟಲೆ ಫೀ ತಗೋತೀರಿ.

ಹಂಗಂತ ನಮ್ಮ ಹುಡುಗರಿಗೆ "ನೀನು ಫೋಕ್ ಮಾಡು, ಹಲಗಿ ಮಾಡು, ಅದೇ ನಿನಗೆ ಸೂಟ್ ಆಗುತ್ತೆ" ಅಂತ ಹೇಳೋರ ಬಗ್ಗೆನೂ ಹುಷಾರಿರ್ರಿ. ಅದೂ ಒಂದು ಓಣಿಯೇ. ನಮ್ಮ ಹುಡುಗ ಡ್ರ್ಯಾಗನ್ ಹಾರಿಸ್ತಾನ, ರೇಸ್ ಕಾರ್ ಓಡಿಸ್ತಾನ, ಚಂದ್ರನ ಮ್ಯಾಲ ರೋಬೋ ನಡೆಸ್ತಾನ.

ಇನ್ನ ಕೆಲ ಹಿರಿಯ ಒಡನಾಡಿಗಳು "ಗೇಮ್ ಅಂದ್ರ ಉಳ್ಳವರ ಮಕ್ಕಳ ಆಟ, ಅವನಿಗೆ ಎಫ್‌ಡಿಎ ಓದಾಕ ಹಚ್ಚು" ಅಂದ್ರು. ನಾನು ಸರ್ಕಾರಿ ಕೆಲಸದ ಅನ್ನ ಉಂಡೋನು, ಅದನ್ನ ಹಗುರ ಮಾಡಲ್ಲ. ಆದ್ರ ಕುರ್ಚಿ ಎಷ್ಟು ಉಳಿದಾವ, ಅರ್ಜಿ ಎಷ್ಟು ಬರ್ತಾವ ನಿಮಗೂ ಗೊತ್ತು. ಕರ್ನಾಟಕ 2012ರಲ್ಲೇ ದೇಶದಲ್ಲಿ ಮೊದಲು ಅನಿಮೇಷನ್-ಗೇಮಿಂಗ್ ನೀತಿ ಮಾಡಿತು. 2024ರಿಂದ 2029ರವರೆಗೆ ಅಂತ ಹೊಸ ಎವಿಜಿಸಿ-ಎಕ್ಸ್‌ಆರ್ ನೀತಿಯೂ ಬಂದೈತಿ. ದುಡ್ಡು ಆ ಕಡೆ ಹರೀತೈತಿ. ನಮ್ಮ 371(ಜೆ) ಸರ್ಕಾರಿ ಕಚೇರಿ, ಕಾಲೇಜಿನ ಬಾಗಿಲತನಕ ಬರ್ತದ, ಖಾಸಗಿ ಸ್ಟುಡಿಯೋ ಬಾಗಿಲಿಗೆ ಬರಲ್ಲ. ಮೀಸಲಾತಿಯೂ ಬರಲ್ಲ. ಆ ಬಾಗಿಲಾಗ ನಿಂತಿರೋದು ಈ ಒಂದು ನಿಮಿಷದ ಪರಿಚಯ. ಅದಕ್ಕೇ ಇದು ಸಣ್ಣ ಮಾತಲ್ಲ.

ಪರಿಚಯದ ಪಾಠನೇ ಬ್ಯಾಡ ಅಂತ ನಾನು ಅನ್ನಲ್ಲ. ಬೇಕು. ನಮ್ಮ ಮಕ್ಕಳಿಗೇ ಹೆಚ್ಚು ಬೇಕು, ಯಾಕಂದ್ರ ಅವರಿಗೆ ಪರಿಚಯ ಮಾಡಿಸೋ ದೊಡ್ಡಪ್ಪ ಚಿಕ್ಕಪ್ಪ ಸ್ಟುಡಿಯೋದಾಗ ಇಲ್ಲ. ಆದ್ರ ಸರಿಯಾದ್ದು ಕಲಿಸ್ರಿ. ಅನಿಮೇಟರನ ಪರಿಚಯ ಅಂದ್ರ ಷೋರೀಲ್. ಒಂದು ನಿಮಿಷದೊಳಗಿನ ವಿಡಿಯೋ, ಎಲ್ಲಕ್ಕಿಂತ ಚಲೋ ಇರೋದು ಮೊದಲು, ಗುಂಪಿನಾಗ ಮಾಡಿದ್ದಾದ್ರ ನನ್ನ ಪಾಲು ಎಷ್ಟು ಅಂತ ಸ್ಪಷ್ಟ. ಬಾಯಿಮಾತು ನಾಲ್ಕು ಸಾಲು ಸಾಕು: ನನ್ನ ಹೆಸರು ಇಂಥದು. ನಾನು ಗೇಮ್ ಪಾತ್ರಗಳಿಗೆ ಚಲನೆ ಕೊಡ್ತೀನಿ. ಇಂಥ ಸಾಫ್ಟ್‌ವೇರಿನಾಗ ಇಂಥದ್ದು ಮಾಡೀನಿ, ಅದರಾಗ ಈ ಸಮಸ್ಯೆ ಬಂತು, ಹಿಂಗ ಬಗೆಹರಿಸೀನಿ. ಮುಂದ ಇದನ್ನ ಕಲೀಬೇಕು ಅಂತೀನಿ. ಮುಗೀತು. ಇದರಾಗ ಅಪ್ಪ ಎಲ್ಲಿ ಬೇಕು? ಓಣಿ ಎಲ್ಲಿ ಬೇಕು?

ಜಾತಿ ಮುಚ್ಚಿಡು ಅಂತಲೂ ನಾನು ಹೇಳ್ತಿಲ್ಲ. ನೀಲಿ ಶಾಲು ಹಾಕ್ಕೊಂಡು ಬೀದಿಯಾಗ ನಿಲ್ಲೋನು ನಾನು. ನಾವು ಯಾರು ಅಂತ ಹೇಳೋ ಹೊತ್ತು, ಹೇಳೋ ಜಾಗ ನಾವೇ ಆರಿಸಬೇಕು. ಮಾರ್ಕ್ಸಿನ ಆಸೆ ತೋರಿಸಿ, ನೌಕರಿಯ ಭಯ ತೋರಿಸಿ ಬಾಯಿ ಬಿಡಿಸೋದು ಪರಿಚಯ ಅಲ್ಲ, ವಿಚಾರಣೆ.

ಇನ್ನ ಕೆಲಸದ ಮಾತು.

ಒಂದು, ಹಾಸ್ಟೆಲ್ಲು ಕಾಲೇಜುಗಳ ತರಬೇತಿ ಪಟ್ಟಿಯಿಂದ ತಂದೆ-ತಾಯಿ ಉದ್ಯೋಗ, ಸರ್‌ನೇಮ್, ಕುಟುಂಬದ ಹಿನ್ನೆಲೆ ತೆಗೀಬೇಕು. ನಾವು ಸಮಾಜ ಕಲ್ಯಾಣ ಇಲಾಖೆಗೆ ಮನವಿ ಬರೀತಿದ್ದೀವಿ, ಸಹಿ ಮಾಡೋರು ಬರ್ರಿ.

ಎರಡು, ತರಬೇತಿ ಬರೇ ನಮ್ಮ ಮಕ್ಕಳಿಗಲ್ಲ, ಪ್ರಶ್ನೆ ಕೇಳೋರಿಗೂ ಆಗಬೇಕು. ಕೆಲಸಕ್ಕ ಸಂಬಂಧ ಇಲ್ಲದ ಪ್ರಶ್ನೆ ಯಾವುದು ಅಂತ ಅವರೂ ಪರೀಕ್ಷೆ ಬರೀಲಿ.

ಮೂರು, ಹಾಸ್ಟೆಲ್ಲಿಗೆ ಕೆಲಸಕ್ಕ ಬರೋ ಕಂಪ್ಯೂಟರ್ ಬೇಕು, ಉದ್ಘಾಟನೆ ಮಾಡಿ ಕೀಲಿ ಹಾಕಿಡೋದಲ್ಲ. ಸಾಫ್ಟ್‌ವೇರಿಗೆ ದುಡ್ಡಿಲ್ಲ ಅನ್ನಬ್ಯಾಡ್ರಿ. ಬ್ಲೆಂಡರ್ ಪೂರ್ತಿ ಉಚಿತ. 2002ರಲ್ಲಿ ಅದರ ಹಿಂದಿದ್ದ ಕಂಪನಿ ಮುಚ್ಚಿದಾಗ ಜನರೇ ಏಳು ವಾರದಾಗ 1 ಲಕ್ಷ ಯೂರೋ ಚಂದಾ ಎತ್ತಿ ಅದನ್ನ ಬಿಡಿಸಿಕೊಂಡರು, ನಾವು ಜಯಂತಿಗೆ ಪಟ್ಟಿ ಎತ್ತಿದಂಗ. ಅದೇ ಬ್ಲೆಂಡರಿನಾಗ ಮಾಡಿದ ಲಾಟ್ವಿಯಾ ದೇಶದ 'ಫ್ಲೋ' ಸಿನಿಮಾಕ್ಕೆ 2025ರಲ್ಲಿ ಆಸ್ಕರ್ ಬಂತು. ಒಂದು ಬೆಕ್ಕಿನ ಕತೆ. ಇಡೀ ಸಿನಿಮಾದಾಗ ಒಂದೂ ಮಾತಿಲ್ಲ. ಇಂಗ್ಲಿಷ್ ಬರಲ್ಲ ಅಂತ ಅಂಜೋ ಮಕ್ಕಳಿಗೆ ತೋರಿಸ್ರಿ.

ನಮ್ಮ ಪಕ್ಕದ ಮಸ್ಕಿಯ ಬಂಡೆ ಗೊತ್ತಲ್ಲ. 1915ರಲ್ಲಿ ಚಿನ್ನ ಹುಡುಕ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಅಲ್ಲಿತನಕ ಶಾಸನಗಳಾಗ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದು. ಅವನು ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು ಮಸ್ಕಿ ಬಂಡೆ. ನಾನು ಎಷ್ಟೋ ಸಲ ಹೋಗಿ ನಿಂತೀನಿ. ಅದರಾಗ ಅವನು ಯಾರ ಮಗ, ಯಾರ ಮೊಮ್ಮಗ, ಯಾವ ವಂಶ ಅಂತ ಕೊಚ್ಚಿಕೊಂಡಿಲ್ಲ. ತಾನು ಏನು ಮಾಡ್ತಿದ್ದೀನಿ ಅಂತ ಹೇಳ್ಯಾನ. ಧರ್ಮದ ಹಾದಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಅಂತ ಹೇಳ್ಯಾನ. ಚಕ್ರವರ್ತಿಗೇ ಸರ್‌ನೇಮ್ ಬೇಕಾಗಲಿಲ್ಲ.

ಕಡೀ ಮಾತು. ಹೋದ ವಾರ ಅಳಿಯ ಮತ್ತೆ ಎದ್ದು ನಿಂತು ಪರಿಚಯ ಹೇಳಿದ, ಮ್ಯಾಲ ಬರೆದ ಆ ನಾಲ್ಕು ಸಾಲು. "ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಬಿಟ್ಟೆ" ಅಂದ್ರು. "ಈ ಕೆಲಸಕ್ಕೆ ಅದು ಬೇಕಾಗಲ್ಲ ಅನಿಸ್ತು, ಸರ್" ಅಂದನಂತೆ. ಮತ್ತೆ ಎರಡೇ ಮಾರ್ಕ್ಸ್ ಬಂದಾವ. ಈ ಸಲ ಮೂರು ಸೆಕೆಂಡ್ ನಿಲ್ಲಲಿಲ್ಲ ಅಂತ ಹೇಳಿದ.

ಹಲಗಿಯ ಆ ಅನಿಮೇಷನ್ ನನ್ನ ಮೊಬೈಲಿಗೆ ಕಳಿಸ್ಯಾನ. ನಿನ್ನೆ ಸಂಜೆ ಭಾವನಿಗೆ ತೋರಿಸಿದೆ. ಹೊಲೀತಿದ್ದ ಚಪ್ಪಲಿ ಕೆಳಗಿಟ್ಟು, ಕೈ ಒರೆಸಿಕೊಂಡು, ನಾಲ್ಕು ಸಲ ನೋಡಿದ. "ಎಡಗೈ ಸ್ವಲ್ಪ ತಡ ಬರ್ತದ, ಸರಿ ಮಾಡು ಅಂತ ಹೇಳು" ಅಂದ.

ಹೇಳೀನಿ. ಸರಿ ಮಾಡ್ತಿದ್ದಾನ.

ಮನವಿಗೆ ಸಹಿ ಹಾಕೋರು, ಕೆಲಸ ಮಾಡೋ ಹಳೆ ಕಂಪ್ಯೂಟರ್ ಕೊಡೋರು, ಭಾನುವಾರ ನಮ್ಮ ಓಣಿ ಮಕ್ಕಳಿಗೆ ಬ್ಲೆಂಡರ್ ಕಲಿಸಾಕ ಬರೋರು ಇನ್‌ಬಾಕ್ಸಿಗೆ ಬರ್ರಿ.

ಜೈ ಭೀಮ್.